ಕತ್ತಲೆ ಕಟ್ಟಿ ಕಾದವರು

ಕ್ರಿ.ಪೂ. 14ನೆಯ ಶತಮಾನದ ಈಜಿಪ್ಟಿನ ದೊರೆ ಅಖೆನಾಟೆನ್, ಸೂರ್ಯಬಿಂಬವಾದ ಅತೆನ್‌ಗೆಂದು ಕಟ್ಟಿಸಿದ ಗುಡಿಗಳು ಚಾವಣಿಯಿಲ್ಲದ ಬಯಲು ಅಂಗಳಗಳು. ದೇವರು ನೆತ್ತಿಯ ಮೇಲೇ ಉರಿಯುತ್ತಿರುವಾಗ ನಡುವೆ ಮಾಡಿನ ಮರೆ ಏಕೆ? ಮರುಭೂಮಿಯ ಆಕಾಶದ ಕೆಳಗೆ ಆ ಭಕ್ತಿ ಸಹಜವಾದದ್ದು. ಆದರೆ ನನ್ನನ್ನು ಹೆಚ್ಚು ಕಾಡುವವರು ಮೋಡ ಕವಿದ ಐರ್ಲೆಂಡಿನ ಜನ. ಅಖೆನಾಟೆನ್‌ಗಿಂತ ಹದಿನೆಂಟು ಶತಮಾನಗಳಷ್ಟು ಹಿಂದೆಯೇ ಅವರು ಕತ್ತಲೆಯನ್ನು ಕಟ್ಟಿ, ಅದರಲ್ಲಿ ಸೂರ್ಯನಿಗೊಂದು ಕಿಂಡಿ ಬಿಟ್ಟರು.

ಬಾಯ್ನ್ ನದಿಯ ದಡದ ಮೇಲಿರುವ ಆ ದಿಬ್ಬದ ಹೆಸರು ನ್ಯೂಗ್ರೇಂಜ್. ಕ್ರಿ.ಪೂ. 3200ರ ಸುಮಾರಿಗೆ, ಗೀಜಾದ ಪಿರಮಿಡ್ಡುಗಳು ಏಳುವುದಕ್ಕೂ ಬಹಳ ಮುಂಚೆ ಕಟ್ಟಿದ್ದು. ಲೋಹವಿನ್ನೂ ಬಳಕೆಗೆ ಬಂದಿರಲಿಲ್ಲ. ಕೆಲಸವೆಲ್ಲ ಕಲ್ಲು, ಮರ, ಮೂಳೆಯ ಸಲಕರಣೆಗಳಲ್ಲಿ. ಒಳಗೆ 19 ಮೀಟರ್ ಉದ್ದದ ಇಕ್ಕಟ್ಟಾದ ಹಾದಿ, ಅದರ ಕೊನೆಗೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಚಾಚಿಸಿ ಮುಚ್ಚಿದ ಎತ್ತರದ ಕೋಣೆ. ಸತ್ತವರ ಮೂಳೆ, ಬೂದಿ ಇರಿಸಿದ್ದು ಅಲ್ಲಿಯೇ.

ಹಾದಿಯ ನೆಲ ಒಳಹೋದಂತೆ ಏರುತ್ತದೆ. ಹಾಗಾಗಿ ಬಾಗಿಲಿನಿಂದ ನುಗ್ಗುವ ಬೆಳಕು ಕೋಣೆಯನ್ನು ಮುಟ್ಟುವುದಿಲ್ಲ. ಅದನ್ನು ಮುಟ್ಟುವುದು ಬಾಗಿಲಿನ ಮೇಲೆ ಬೇರೆಯಾಗಿಯೇ ಮಾಡಿದ ಕಿಂಡಿಯ ಬೆಳಕು. ಅದೂ ವರ್ಷದ ಅತಿ ಚಿಕ್ಕ ಹಗಲು ಮತ್ತು ಅದರ ಆಚೀಚಿನ ಕೆಲವು ಬೆಳಗುಗಳಲ್ಲಿ ಮಾತ್ರ. ಡಿಸೆಂಬರ್ 21ರ ಹೊತ್ತಿಗೆ, ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ, ಬೆಳಕಿನ ತೆಳುವಾದ ಗೆರೆಯೊಂದು ನೆಲದ ಮೇಲೆ ಸರಿಯುತ್ತ ಬಂದು ಕೋಣೆಯನ್ನು ಹೊಕ್ಕು, ಅಗಲವಾಗಿ, ಸುಮಾರು 17 ನಿಮಿಷವಿದ್ದು ಹಿಂದಿರುಗುತ್ತದೆ. ಉತ್ಖನನ ನಡೆಸಿದ ಮೈಕೆಲ್ ಓ'ಕೆಲ್ಲಿ 1967ರಲ್ಲಿ ಒಳಗೆ ಕುಳಿತು ಇದನ್ನು ಕಣ್ಣಾರೆ ಕಂಡರು.

ಪ್ರವೇಶದ್ವಾರವನ್ನು ಕಲ್ಲಿನಿಂದ ಮುಚ್ಚುತ್ತಿದ್ದರು. ಬದುಕಿರುವವರಿಗೆ ಬಾಗಿಲು ಮುಚ್ಚಿದ ಮೇಲೂ ಸೂರ್ಯನಿಗೆ ದಾರಿ ತೆರೆದೇ ಇರಬಹುದಾಗಿತ್ತು. ಈ ಏರ್ಪಾಟನ್ನು ನೆನೆದಾಗಲೆಲ್ಲ ನನಗೆ ರೋಮಾಂಚನ. ನಾವು ಹೋಗಲಾರದಲ್ಲಿಗೆ, ನಮ್ಮವರು ಮಲಗಿರುವಲ್ಲಿಗೆ ನೀನಾದರೂ ಹೋಗು ಎಂದು ಬೆಳಕನ್ನು ಕಳಿಸಿಕೊಟ್ಟಂತೆ ತೋರುತ್ತದೆ. ಅದಕ್ಕೆ ಅವರು ಆರಿಸಿಕೊಂಡದ್ದು ಸೂರ್ಯ ಮೆರೆಯುವ ನಡುಬೇಸಿಗೆಯನ್ನಲ್ಲ. ಅವನು ತೀರ ಬಡವಾಗಿ, ಇನ್ನು ಇಳಿಯಲಾರದೆ, ಉತ್ತರಕ್ಕೆ ಹೊರಳುವ ಗಳಿಗೆಯನ್ನು.

ಆ ಗಳಿಗೆ ಸುಲಭಕ್ಕೆ ಸಿಕ್ಕುವಂಥದ್ದಲ್ಲ. ಆ ದಿನಗಳಲ್ಲಿ ಸೂರ್ಯ ಹುಟ್ಟುವ ಜಾಗ ಕದಲಿದ್ದೇ ಕಣ್ಣಿಗೆ ತಿಳಿಯದು. ಎಷ್ಟೋ ಬೆಳಗುಗಳನ್ನು ಮೋಡವೇ ನುಂಗುತ್ತದೆ. ಬರಹವಿಲ್ಲದ ಆ ಜನ ವರ್ಷ ವರ್ಷವೂ ಚಳಿಯಲ್ಲಿ ನಿಂತು ನೋಡಿ, ಗುರುತಿಟ್ಟು, ಕಂಡದ್ದನ್ನು ಮಕ್ಕಳಿಗೆ ಹೇಳಿಕೊಟ್ಟಿರಬೇಕು. ಲೆಕ್ಕ ಹಾಕಿದರೆ ಬೆರಗು ಸಾಯುತ್ತದೆ ಎನ್ನುವವರಿಗೆ ನ್ಯೂಗ್ರೇಂಜ್ ಐದು ಸಾವಿರ ವರ್ಷಗಳಿಂದ ಉತ್ತರ ಹೇಳುತ್ತಿದೆ. ಅಲ್ಲಿ ಅಳತೆಯೇ ಪೂಜೆ. ಬೆರಗಾದ್ದರಿಂದಲೇ ಅವರು ಅಳೆದರು; ಅಳೆದದ್ದರಿಂದ ಬೆರಗು ಮುಂದಿನವರಿಗೂ ಉಳಿಯಿತು.

ಇಂದು ನಮಗೆ ಹೆಚ್ಚು ಗೊತ್ತು. ಆ ಕೋಣೆಗೆ ಬೀಳುವ ಕಿರಣ ಸೂರ್ಯನನ್ನು ಬಿಟ್ಟು ಬಂದು ಸುಮಾರು 8 ನಿಮಿಷವಾಗಿರುತ್ತದೆ ಎಂದು ಗೊತ್ತು. ಭೂಮಿಯ ವಾಲಿಕೆ ಈ ಐದು ಸಾವಿರ ವರ್ಷಗಳಲ್ಲಿ ಕೊಂಚ ಬದಲಾದ್ದರಿಂದ, ಅಂದು ಸೂರ್ಯೋದಯದೊಡನೆಯೇ ಒಳಬರುತ್ತಿದ್ದ ಬೆಳಕು ಇಂದು ಕೆಲವು ನಿಮಿಷ ತಡವಾಗಿ ಬರುತ್ತದೆ ಎಂದೂ ಗೊತ್ತು. ಇಷ್ಟೆಲ್ಲ ತಿಳಿದ ಮೇಲೂ ಡಿಸೆಂಬರಿನ ಮೋಡ ಸರಿಯುವುದು ನಮ್ಮ ಕೈಯಲ್ಲಿಲ್ಲ. ಆಕಾಶ ಕವಿದ ವರ್ಷ ಕೋಣೆ ಕತ್ತಲಾಗಿಯೇ ಉಳಿಯುತ್ತದೆ. ಕರಾರುವಾಕ್ಕಾಗಿ ಸಿದ್ಧವಾಗುವುದು, ಸಿದ್ಧವಾದ ಮೇಲೆ ಹಕ್ಕು ಸಾಧಿಸದೆ ಕಾಯುವುದು: ಈ ಎರಡೂ ಕೂಡಿದ ಮನಸ್ಸನ್ನೇ ನಾನು ಭಕ್ತಿ ಎನ್ನುತ್ತೇನೆ. ಅಂಥ ಮನಸ್ಸು ವಿಜ್ಞಾನಿಗೂ ಬೇಕು, ರೈತನಿಗೂ ಬೇಕು, ಬದುಕುವ ಎಲ್ಲರಿಗೂ ಬೇಕು.