ಕಾರ್ಟಿನಲ್ಲಿ ಮೂರೋ, ಎರಡೋ?

ಸೀರೆ ಮಾರುವ ಜಾಲತಾಣವೊಂದರ ಪುಟ. ಮೇಲ್ತುದಿಯ ಕಾರ್ಟ್ ಚಿಹ್ನೆಯ ಪಕ್ಕ 3 ಎಂದಿದೆ. ಕೆಳಗಿನ ಪಟ್ಟಿಯಲ್ಲಿ ಇರುವುದು ಎರಡೇ ಸೀರೆ. ಯಾರೂ ಸುಳ್ಳು ಹೇಳಿಲ್ಲ. ಪುಟದ ಎರಡೂ ಭಾಗಗಳು ಸರ್ವರ್‌ನಿಂದ ಮಾಹಿತಿ ಕೊಡುವ ಒಂದೇ ಎಪಿಐಯನ್ನು ಕೇಳಿವೆ, ಕೇಳಿದ ಹೊತ್ತು ಬೇರೆ. ನಡುವೆ ಗಿರಾಕಿ ಒಂದು ಸೀರೆ ಬೇಡವೆಂದು ತೆಗೆದಿದ್ದಾರೆ.

ಇದಕ್ಕೆ ಪ್ರೋಗ್ರಾಮರ್‌ಗಳ ಮದ್ದು, ತಂದ ಉತ್ತರವನ್ನು ಕೈಗೆಟುಕುವಂತೆ ಇಟ್ಟು ಎಲ್ಲರಿಗೂ ಹಂಚುವ ಕ್ಯಾಶ್. ಟ್ಯಾನ್‌ಸ್ಟ್ಯಾಕ್ ಕ್ವೆರಿಯಂಥ ಲೈಬ್ರರಿಯಲ್ಲಿ ಹತ್ತು ಭಾಗಗಳು ಒಂದೇ ಕೀ (ಮಾಹಿತಿಯ ಗುರುತಿನ ಹೆಸರು) ಹಿಡಿದು ಒಟ್ಟಿಗೆ ಕೇಳಿದರೂ ಸರ್ವರ್‌ಗೆ ಹೋಗುವ ವಿನಂತಿ ಒಂದೇ, ಎಲ್ಲರಿಗೂ ಸಿಗುವ ಉತ್ತರವೂ ಒಂದೇ. ಪುಟದೊಳಗಿನ ಭಿನ್ನಮತ ಅಲ್ಲಿಗೆ ಮುಗಿಯಿತು. ಆದರೆ ಎಲ್ಲರೂ ಒಪ್ಪಿದ ಮಾತ್ರಕ್ಕೆ ಅದು ನಿಜವೆ? ಅದೇ ಗಿರಾಕಿ ಮೊಬೈಲಿನಿಂದ ಇನ್ನೊಂದು ಸೀರೆ ತೆಗೆದಿದ್ದರೆ, ಇಡೀ ಪುಟ ಒಗ್ಗಟ್ಟಾಗಿ ತಪ್ಪು ಹೇಳುತ್ತಿರುತ್ತದೆ.

ಕ್ಯಾಶ್ ಎಂದರೆ ಒಂದು ಬಗೆಯ ನೆನಪೇ. ನೆನಪಿನಿಂದ ಬಂದ ಜ್ಞಾನವನ್ನು ನಂಬಬಹುದೇ ಎಂಬುದು ನಮ್ಮ ದರ್ಶನಗಳಲ್ಲಿ ಹಳೆಯ ಜಗಳ. ನ್ಯಾಯ ದರ್ಶನದ ನೈಯಾಯಿಕರು ಜ್ಞಾನವನ್ನು ಅನುಭವ, ಸ್ಮೃತಿ (ನೆನಪು) ಎಂದು ಎರಡಾಗಿಸಿ, ಪ್ರಮೆ ಅಂದರೆ ನಿಜಜ್ಞಾನ ಎಂಬ ಪಟ್ಟವನ್ನು ಯಥಾರ್ಥ ಅನುಭವಕ್ಕಷ್ಟೇ ಕಟ್ಟಿದರು. ಸ್ಮೃತಿ ಹುಟ್ಟುವುದು ಹಳೆಯ ಅನುಭವ ಉಳಿಸಿಹೋದ ಸಂಸ್ಕಾರದಿಂದ. ವಸ್ತು ಈಗ ಹಾಗೆ ಇಲ್ಲದಿರಬಹುದು. ಭಾಟ್ಟ ಮೀಮಾಂಸಕರು ಇನ್ನೂ ಬಿಗಿ: ತಿಳಿದದ್ದನ್ನೇ ಮತ್ತೆ ತಿಳಿಸುವುದು ಪ್ರಮಾಣವಲ್ಲ. ಅವರ ಕೈಗೆ ಸಿಕ್ಕಿದ್ದರೆ ಕ್ಯಾಶ್‌ಗೆ ಉಳಿಗಾಲವಿರಲಿಲ್ಲ.

ಉಡುಪಿಯ ಮಧ್ವಾಚಾರ್ಯರ ಪರಂಪರೆ ಇದನ್ನು ಒಪ್ಪಲಿಲ್ಲ. ಇದ್ದದ್ದನ್ನು ಇದ್ದಂತೆ ತಿಳಿಸಿದರೆ ಸ್ಮೃತಿಯೂ ಪ್ರಮಾಣವೇ ಎಂದಿತು. 14ನೇ ಶತಮಾನದ ಜಯತೀರ್ಥರ ಸಮರ್ಥನೆ ಸೊಗಸಾಗಿದೆ. ನೆನಪು ವಸ್ತುವಿನ ಇಂದಿನ ಸ್ಥಿತಿಯ ಬಗ್ಗೆ ಬಾಯಿ ಬಿಡುವುದೇ ಇಲ್ಲ. ಆಗ ಹಾಗಿತ್ತು ಎನ್ನುತ್ತದೆ, ಅಷ್ಟೆ. ಆಗ ಹಾಗೇ ಇದ್ದಿದ್ದರೆ ತಪ್ಪೇನು?

ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿ ರೂಪಿಸಿದವರಿಗೂ ‘ಆಗ’ ಎಂಬ ಈ ಗುರುತು ಬೇಕೆನಿಸಿತ್ತು. ಕ್ಯಾಶ್‌ನಿಂದ ಬಂದ ಉತ್ತರಕ್ಕೆ ಎಷ್ಟು ಸೆಕೆಂಡ್ ವಯಸ್ಸಾಗಿದೆ ಎಂದು ತಿಳಿಸಲು ‘ಏಜ್’ ಎಂಬ ಹೆಡರ್ ಇದೆ. ಹಳೆಯದನ್ನು ಕೊಟ್ಟು ಬೆನ್ನ ಹಿಂದೆ ಹೊಸದನ್ನು ತರಿಸುವ ಪದ್ಧತಿಯನ್ನು 2010ರ ಆರ್‌ಎಫ್‌ಸಿ 5861 ಎಂಬ ತಾಂತ್ರಿಕ ದಾಖಲೆ ಬರೆದಿಟ್ಟಿತು. ಟ್ಯಾನ್‌ಸ್ಟ್ಯಾಕ್ ಇನ್ನೂ ಶಂಕೆಯದು. ಬೇರೆ ಹೇಳದಿದ್ದರೆ, ಉತ್ತರ ಬಂದ ಕ್ಷಣದಲ್ಲೇ ಅದನ್ನು ಹಳಸಿದ್ದೆಂದು ಎಣಿಸುತ್ತದೆ; ಹಾಗೆಂದು ತೋರಿಸದೆ ಬಿಡುವುದಿಲ್ಲ.

ಎಡವಟ್ಟಾಗುವುದು ಪರದೆಯ ಮೇಲೆ. ಕ್ಯಾಶ್ ಜೋಪಾನ ಮಾಡಿದ ಗಳಿಗೆಯನ್ನು ಪರದೆ ಉದುರಿಸಿಬಿಡುತ್ತದೆ. ಆಗ 3 ಇತ್ತು ಎಂಬುದು ಈಗ 3 ಇದೆ ಎಂದಾಗುತ್ತದೆ. ಜಯತೀರ್ಥರು ಸಮರ್ಥಿಸಿದ್ದು ಇದನ್ನಲ್ಲ. ಕಾರ್ಟ್ ಚಿಹ್ನೆಯ ಮಟ್ಟಿಗೆ ಅದೇನೂ ಅನಾಹುತವಲ್ಲ, ಬ್ಯಾಂಕ್ ಬಾಕಿಯ ಪಕ್ಕ ಎಷ್ಟು ಗಂಟೆಯ ಲೆಕ್ಕವೆಂದು ಬರೆಯದಿದ್ದರೆ ಅನಾಹುತವೇ. ಹಣ ಪಾವತಿಯ ಹೊತ್ತಿಗಂತೂ ಎಚ್ಚರದ ಅಂಗಡಿ ಯಾವ ನೆನಪನ್ನೂ ನೆಚ್ಚದೆ ಬೆಲೆ, ದಾಸ್ತಾನು ಎರಡನ್ನೂ ಸರ್ವರ್‌ನಲ್ಲಿ ಹೊಸದಾಗಿ ನೋಡುತ್ತದೆ. ಅಲ್ಲಿ ನಡೆಯುವುದು ನೈಯಾಯಿಕರ ಮಾತು.