ಸ್ವಾತಿಯ ಸಾಕ್ಷಿ

ಉಬ್ರಾಣಿಯ ನಮ್ಮ ಮನೆಯಲ್ಲಿ ಸ್ವಾತಿ ಎಂದರೆ ಮಳೆ. ಅದು ನಕ್ಷತ್ರವೆಂದು ಅಜ್ಜಿಗೆ ಗೊತ್ತಿತ್ತು, ನೋಡಿರಲಿಲ್ಲ. ಹೋದ ಮೇ ತಿಂಗಳಲ್ಲಿ ಕರೆಂಟು ಹೋದ ಒಂದು ರಾತ್ರಿ ಅಂಗಳದಲ್ಲಿ ನಿಂತು ತೋರಿಸಿದೆ. ಸಪ್ತರ್ಷಿ ಮಂಡಲದ ಬಾಲದ ಬಾಗು ಹಿಡಿದು ಮುಂದೆ ಹೋದರೆ, ನೆತ್ತಿಯ ಹತ್ತಿರ, ಕಿತ್ತಳೆ ಬಣ್ಣ.

"ಇದೂ ನಿನ್ನ ಹಾಗೇ ಮುದುಕಿ" ಎಂದೆ. ಅಜ್ಜಿ ನಕ್ಕಳು. ಆಮೇಲೆ ಎಂದಿನಂತೆ ಅಡಿಕೆ ತೋಟದ ಬಾವಿಯ ಮಾತು ತೆಗೆದಳು. "ಅದು ನಿಮ್ಮಜ್ಜ ತೋಡಿಸಿದ್ದಲ್ಲ ಕಣೇ. ಮೊದಲು ಅಲ್ಲಿದ್ದೋರ್ದು. ಸಾಲಕ್ಕೆ ಬಿಟ್ಟು ಹೋದ್ರು." ಒಳಗಿನಿಂದ ಅಪ್ಪ, "ಅವ್ವನಿಗೆ ಈಗ ಎಲ್ಲಾ ಕಲಸುಮೇಲೋಗರ" ಎಂದರು.

ನನ್ನ ಸಂಶೋಧನೆ ಇಂಥ ಮುದಿ ನಕ್ಷತ್ರಗಳ ಮೇಲೆಯೇ. ಸ್ವಾತಿ ನಮ್ಮಿಂದ ಸುಮಾರು 37 ಜ್ಯೋತಿರ್ವರ್ಷ ದೂರದಲ್ಲಿದೆ. ಸೂರ್ಯನಿಗಿಂತ ಬಹಳ ಹಿರಿದು. ಒಡಲಿನ ಹೈಡ್ರೋಜನ್ ಮುಗಿದು, ಉಬ್ಬಿ, ಸೂರ್ಯನ ಸುಮಾರು 25 ಪಟ್ಟು ಅಗಲವಾಗಿದೆ. ಅದರ ಬೆಳಕನ್ನು ಬಿಡಿಸಿ ನೋಡಿದರೆ ಕಬ್ಬಿಣ ಸೂರ್ಯನಲ್ಲಿರುವುದರ ಮೂರನೇ ಒಂದರಷ್ಟೇ. ಇಂಥ ನಕ್ಷತ್ರ ತಾನಾಗಿ ಕಬ್ಬಿಣ ಮಾಡಲಾರದು. ಇರುವುದೆಲ್ಲ ಹುಟ್ಟಿದ ಮೋಡದಿಂದ ಬಂದದ್ದು. ಆ ಮೋಡಕ್ಕೆ ಅದು ಬಂದದ್ದು ಅದಕ್ಕೂ ಮೊದಲು ಸಿಡಿದು ಸತ್ತ ನಕ್ಷತ್ರಗಳಿಂದ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಡೆಸುತ್ತದೆ. ಅದರಿಂದ ನೋಡಿದ ನಕ್ಷತ್ರಗಳಲ್ಲಿ ಕಬ್ಬಿಣ ಇದಕ್ಕಿಂತ ನೂರಾರು ಪಟ್ಟು ಕಡಿಮೆ ಇರುವವೂ ಇವೆ. ಅವು ಆಕಾಶಗಂಗೆ ಎಳೆಯದಾಗಿದ್ದ ಕಾಲದವು.

ಆದರೆ ಈ ಸಾಕ್ಷಿಗಳು ಹುಟ್ಟಿದ ಹಾಗೇ ಉಳಿದಿಲ್ಲ. ಮುಪ್ಪಿನಲ್ಲಿ ಒಳಗೆ ಬೆಂದದ್ದು ಮೇಲೆ ಬಂದು ಬೆರೆಯುತ್ತದೆ. ಸೂರ್ಯನಲ್ಲಿ ಒಂದು ಕಾರ್ಬನ್-13 ಪರಮಾಣುವಿಗೆ ಸುಮಾರು 90 ಕಾರ್ಬನ್-12 ಇವೆ. ಸ್ವಾತಿಯಲ್ಲಿ ಹತ್ತೂ ಇಲ್ಲ. ಕಾರ್ಬನ್ ನಂಬಿ ಸ್ವಾತಿಯ ಹುಟ್ಟು ಹೇಳಹೊರಟರೆ ದಾರಿ ತಪ್ಪುತ್ತೇವೆ. ಹಾಗೆಂದು ಯಾರೂ ಸ್ವಾತಿಯನ್ನು ಕೈಬಿಡುವುದಿಲ್ಲ. ಯಾವುದು ಬದಲಾಗಿದೆ, ಯಾವುದು ಬದಲಾಗಲು ಸಾಧ್ಯವೇ ಇಲ್ಲ ಎಂದು ಬೇರ್ಪಡಿಸುತ್ತೇವೆ. ನಮ್ಮ ಕೆಲಸದ ಬಹುಪಾಲು ಅದೇ.

ಇನ್ನೊಂದು ಎಚ್ಚರವೂ ಬೇಕು. ಸ್ವಾತಿಯ ಜೊತೆ ಒಂದೇ ರೀತಿ ಚಲಿಸುವ ನಕ್ಷತ್ರಗಳ ಗುಂಪೊಂದಿದೆ. ಇವೆಲ್ಲ ನಮ್ಮ ಗ್ಯಾಲಕ್ಸಿ ನುಂಗಿದ ಪುಟ್ಟ ಗ್ಯಾಲಕ್ಸಿಯೊಂದರ ಅವಶೇಷ ಎಂದು 2004ರಲ್ಲಿ ಕೆಲವರು ವಾದಿಸಿದರು. ಚೆಂದದ ಕಥೆ. ಆಮೇಲೆ ಧಾತುಗಳನ್ನು ಅಳೆದಾಗ ಅವಕ್ಕೆ ಒಂದೇ ತವರಿನ ಗುರುತು ಸಿಗಲಿಲ್ಲ. ಸಾಕ್ಷಿಯನ್ನು ಗೌರವಿಸುವುದೆಂದರೆ ಅದರಿಂದ ಹೊರಡುವ ಕಥೆಯನ್ನೆಲ್ಲ ಒಪ್ಪುವುದಲ್ಲ.

ಏಳುನೂರು ಕೋಟಿ ವರ್ಷದ ನಕ್ಷತ್ರಕ್ಕೆ ಕೊಡುವ ಈ ತಾಳ್ಮೆಯನ್ನು ಎಂಬತ್ತಾರರ ಅಜ್ಜಿಗೆ ನಾನು ಕೊಟ್ಟಿಲ್ಲ. ಅವಳು ಇಸವಿ ತಪ್ಪುತ್ತಾಳೆ. ಬಾವಿಯ ಕಥೆಯ ನಡುವೆ ಅಜ್ಜನ ಸಾವು ಬಂದು ಸೇರುತ್ತದೆ. ಅದೆಲ್ಲ ಒಳಗಿನಿಂದ ಬೆರೆತದ್ದು. ಆದರೆ ಸ್ವಂತ ಮನೆತನಕ್ಕೇ ಕುಂದು ತರುವ ಮಾತನ್ನು ಅವಳೇಕೆ ಹುಟ್ಟಿಸಿಕೊಂಡಾಳು? ಕಲಸುಮೇಲೋಗರ ಎಂದುಬಿಟ್ಟರೆ ನಮಗೆ ಅನುಕೂಲ. ತೋಟ ನಮ್ಮದಾಗಿಯೇ ಇರುತ್ತದೆ, ನನ್ನ ಓದಿನ ಖರ್ಚು ಬಂದದ್ದೂ ಅದೇ ತೋಟದಿಂದ.

ಅವಳ ಮಾತು ನಿಜವೆಂದು ನಾನಿನ್ನೂ ಹೇಳಲಾರೆ. ಈ ಸಲ ರಜೆಗೆ ಹೋದಾಗ ಪುಸ್ತಕ, ಪೆನ್ನು ಹಿಡಿದು ಅವಳ ಪಕ್ಕ ಕೂರಬೇಕು. ಆಮೇಲೆ ಚನ್ನಗಿರಿಯ ತಾಲ್ಲೂಕು ಕಚೇರಿಯಲ್ಲಿ ಹಳೆಯ ಪಹಣಿ ಕೇಳಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ.