ಹಣೆಬರಹ ಮತ್ತು ಒಂದು ಕ್ಯಾನು ಮೂತ್ರ

ನಾನು ಚಿಂತಾಮಣಿಯ ಲ್ಯಾಬ್ ಒಂದರಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುತ್ತ ಬಂದವಳು. ದೇವರನ್ನು ನಂಬುತ್ತೇನೆ, ಕೈವಾರಕ್ಕೆ ತಪ್ಪದೆ ಹೋಗುತ್ತೇನೆ. ಆದರೆ ಮಗುವಿನ ಕಾಯಿಲೆಗೆ ಹಣೆಬರಹ ಎಂದು ಹೆಸರಿಟ್ಟು ಸುಮ್ಮನಾಗುವುದನ್ನು ಭಕ್ತಿ ಎಂದು ಒಪ್ಪಲಾರೆ.

ಶಿಡ್ಲಘಟ್ಟದ ರೇಷ್ಮೆ ರೀಲರ್ ಮನೆಯ ಹುಡುಗ. ಮೈ ಊದುತ್ತಿತ್ತು, ಎತ್ತರ ನಿಂತುಹೋಗಿತ್ತು. ತಂಗಿಯೇ ಅವನನ್ನು ಮೀರಿ ಬೆಳೆದಿದ್ದಳು. ಡಾಕ್ಟರು 24 ಗಂಟೆಯ ಮೂತ್ರ ಕೇಳಿದ್ದರು. ಬೆಳಗಿನ ಮೊದಲ ಸಲದ್ದನ್ನು ಬಿಟ್ಟು, ಆಮೇಲಿನದೆಲ್ಲವನ್ನೂ ಮರುದಿನ ಬೆಳಗಿನ ಮೊದಲನೆಯದರವರೆಗೆ ಹಿಡಿದಿಡಬೇಕು, ಕ್ಯಾನು ತಂಪಾಗಿರಬೇಕು. ಅಜ್ಜಿ ತಡೆದರು. "ನೈವೇದ್ಯದ ಹಾಲಿಡೋ ಫ್ರಿಜ್ಜಲ್ಲಿ ಅದನ್ನ ಇಡಬೇಕೇನಮ್ಮಾ? ಹಣೇಲಿ ಬರೆದದ್ದು ಉಚ್ಚೇಲಿ ಕಾಣುತ್ತಾ?"

ಕಾಣುತ್ತದೆ. ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿಯಿದೆ. ಅದರಲ್ಲಿ ಪುಟ್ಟ ಗಡ್ಡೆ ಎದ್ದರೆ, ಅದರ ಅಪ್ಪಣೆಗೆ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅತಿಯಾಗಿ ಸುರಿಸಬಹುದು. ಆಗ ಮಗು ದಪ್ಪಗಾಗುತ್ತದೆ, ಉದ್ದವಾಗುವುದಿಲ್ಲ. ಇದು ಕುಶಿಂಗ್ ಕಾಯಿಲೆ. ರಕ್ತದಲ್ಲಿ ಕಾರ್ಟಿಸಾಲ್ ಹೊತ್ತಿಗೊಂದು ಮಟ್ಟದಲ್ಲಿರುತ್ತದೆ. ಮೂತ್ರ ಇಡೀ ದಿನದ ಲೆಕ್ಕ ಕೊಡುತ್ತದೆ. ಬೆಳವಣಿಗೆಯ ಹಾರ್ಮೋನನ್ನೂ ರಾತ್ರಿಯ ಮೂತ್ರದಲ್ಲಿ ಅಳೆಯಲು ವಿಜ್ಞಾನಿಗಳು ಹೆಣಗಿದರು. ಅಲ್ಲಿಗೆ ಇಳಿಯುವುದು ಅತ್ಯಲ್ಪ, ಅದೂ ದಿನಕ್ಕೊಂದು ಬಗೆ. ಅದಕ್ಕೀಗ ರಕ್ತಪರೀಕ್ಷೆಯೇ ಆಧಾರ.

ಮೈಲಿಗೆಯ ಮಾತು ಬಂದಾಗ ಇಟಲಿಯ ಸನ್ಯಾಸಿನಿಯರು ನೆನಪಾಗುತ್ತಾರೆ. ಮುಟ್ಟು ನಿಂತ ಮೇಲೆ ಪಿಟ್ಯುಟರಿಯ ಕೆಲವು ಹಾರ್ಮೋನುಗಳು ಮೂತ್ರದಲ್ಲಿ ಹೇರಳ. ಆ ತಾಯಂದಿರು ಕೊಟ್ಟ ಮೂತ್ರದಿಂದ ಔಷಧ ತೆಗೆದರು. 1960ರ ದಶಕದಲ್ಲಿ ಮಕ್ಕಳಿಲ್ಲದ ಹೆಂಗಸರು ಅದರಿಂದ ಬಸಿರಾದರು. ಬ್ರಹ್ಮಚರ್ಯದ ವ್ರತ ತೊಟ್ಟವರು ಕೊಟ್ಟ ಇಂಥ ದಾನ ನನಗೆ ಪೂಜೆಗಿಂತ ಕಡಿಮೆಯಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಪರೀಕ್ಷೆಗೆ ಹೆದರುವ ನಂಬಿಕೆ ನನಗೂ ಬೇಡ. ಕರ್ಮವನ್ನು ನಂಬುವವರನ್ನು ಕೇಳುತ್ತೇನೆ: ಕಾಯಿಲೆ ಹಿಂದಿನ ಜನ್ಮದ ಫಲವೇ ಇರಲಿ, ಈ ಜನ್ಮದಲ್ಲಿ ಅದನ್ನು ಪರೀಕ್ಷಿಸದೆ ಬಿಟ್ಟದ್ದು ಯಾರ ಕರ್ಮ? ಅದು ದೊಡ್ಡವರ ಲೆಕ್ಕಕ್ಕೇ ಸೇರುತ್ತದೆ.

ಶಿಡ್ಲಘಟ್ಟದ ಆ ಹುಡುಗನ ತಾಯಿ ಥರ್ಮಾಕೋಲ್ ಡಬ್ಬಿಗೆ ಐಸ್ ತುಂಬಿ, ಕ್ಯಾನನ್ನು ಹಿತ್ತಲಲ್ಲಿಟ್ಟು ತಂದುಕೊಟ್ಟಳು. ಮಾದರಿ ಬೆಂಗಳೂರಿಗೆ ಹೋಯಿತು. ವರದಿ ಬಂದ ಮೇಲೆ ಹುಡುಗನೂ ಅಲ್ಲಿಗೇ ಹೋದ.

ಮೂಳೆಯ ತುದಿಗಳು ಕೂಡಿಕೊಂಡ ಮೇಲೆ ಯಾವ ಔಷಧವೂ ಎತ್ತರ ಕೊಡದು. ಐದು ದಾಟಿದ ಮಗು ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯುತ್ತದೆ. ಗೋಡೆಯ ಮೇಲೆ ಗೆರೆ ಹಾಕಿಡಿ. 4 ಸೆಂ.ಮೀ. ಕೂಡ ಏರದಿದ್ದರೆ ಹರಕೆ ಹೊರಿ, ಬೇಡವೆನ್ನುವುದಿಲ್ಲ. ಆದರೆ ಅದೇ ವಾರ ಮಕ್ಕಳ ಡಾಕ್ಟರಿಗೆ ತೋರಿಸಿ.